ಸಬ್ಸಿಡಿ ಯಂತ್ರದ ಜೊತೆ ಅಳತೆಯ ಹಾಳೆಯನ್ನೂ ಕೊಡಿಸಿ

ಮಾನ್ಯ ಸಂಪಾದಕರೇ,

ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ಯಂತ್ರಗಳಿಗೆ ಅರ್ಜಿ ಕರೆದರೆ ಸಾಕು, ನಮ್ಮ ತಾಲ್ಲೂಕಿನಲ್ಲಿ ಜನ ಮುಗಿಬೀಳುತ್ತಾರೆ. ಬೀಳದೆ ಏನು ಮಾಡಿಯಾರು? ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯ ಅಡಿಕೆ, ತೆಂಗಿನ ತೋಟಗಳಲ್ಲಿ ಕಳೆ ತೆಗೆಯಲು ಆಳು ಸಿಗುವ ಕಾಲ ಮುಗಿದಿದೆ. ಬ್ರಷ್ ಕಟರ್, ಪವರ್ ಟಿಲ್ಲರ್, ಪವರ್ ಸ್ಪ್ರೇಯರ್ ಮೂರೂ ಈಗ ಗುದ್ದಲಿ, ಕುಡುಗೋಲಿನಷ್ಟೇ ಅಗತ್ಯ. ಸರ್ಕಾರ ಯಂತ್ರ ಕೊಡಿಸಲಿ, ಸಂತೋಷ. ನನ್ನ ತಕರಾರು ಇರುವುದು ಅದು ಕೆಟ್ಟು ನಿಂತ ದಿನದ ಬಗ್ಗೆ. ಮಾರುವಾಗ ಮನೆ ಬಾಗಿಲಿಗೇ ಬಂದಿದ್ದ ಡೀಲರ್ ಕೆಲವೇ ವರ್ಷಗಳಲ್ಲಿ ತಣ್ಣಗೆ ಹೇಳುತ್ತಾನೆ: "ಆ ಮಾಡೆಲ್ ನಿಂತುಹೋಗಿದೆ, ಸ್ಪೇರ್ ಬರುವುದಿಲ್ಲ. ಹೊಸದು ತೆಗೆದುಕೊಳ್ಳಿ."

ಎಂಜಿನ್ ಸರಿಯಾಗಿರುತ್ತದೆ, ಚೌಕಟ್ಟು ಗಟ್ಟಿಯಾಗಿರುತ್ತದೆ. ತಿರುಗುವ ಶಾಫ್ಟ್ ಕೂರುವ, ಹೆಬ್ಬೆರಳ ಗಾತ್ರದ ಒಂದು ಲೋಹದ ಬಳೆ, ಅಂದರೆ ಬುಷ್, ಇಲ್ಲವೆಂದು ಇಡೀ ಯಂತ್ರ ಗುಜರಿಗೆ ಹೋಗುತ್ತದೆ. ಮಾಡೆಲ್ ನಿಲ್ಲಿಸುವ ಕಂಪನಿ ಅದರ ಸವೆಯುವ ಭಾಗಗಳ ಅಳತೆಯ ಹಾಳೆಯನ್ನಾದರೂ ಬಹಿರಂಗಪಡಿಸಲಿ ಎಂಬುದೇ ನನ್ನ ಬೇಡಿಕೆ.

ನಾನು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದವನು. ಈಗ ತೋಟದ ಮನೆಯ ಜಗಲಿಯಲ್ಲಿ ಒಂದು ವೈಸ್, ಲೋಹ ಕಡೆಯುವ ಒಂದು ಸಣ್ಣ ಹಳೆಯ ಲೇತ್ ಇಟ್ಟುಕೊಂಡು ನಮ್ಮದಕ್ಕೂ ಅಕ್ಕಪಕ್ಕದವರ ಯಂತ್ರಗಳಿಗೂ ಬಿಡಿಭಾಗ ಮಾಡಿಕೊಳ್ಳುತ್ತೇನೆ. ಇದು ಮಹಾ ವಿದ್ಯೆಯೇನಲ್ಲ. ಕಂಪನಿಯ ಪಟ್ಟಿಯಲ್ಲಿ ಮಾರುದ್ದದ ಪಾರ್ಟ್ ನಂಬರ್ ಇರುವ ಬೇರಿಂಗನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಅಂಚಿನಲ್ಲಿ 6202 ಎಂದು ಬರೆದಿರುತ್ತದೆ. ಒಳವ್ಯಾಸ 15 ಮಿ.ಮೀ., ಹೊರವ್ಯಾಸ 35, ಅಗಲ 11. ಯಾವ ದೇಶದಲ್ಲಿ ಮಾಡಿದರೂ 6202ಕ್ಕೆ ಇದೇ ಅಳತೆ. ಯಾವ ಬೇರಿಂಗ್ ಅಂಗಡಿಯಲ್ಲಾದರೂ ಕೇಳಿ ತರಬಹುದು. ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಕೂಡ ಹಾಗೆಯೇ: ಶಾಫ್ಟಿನ ವ್ಯಾಸ, ಹೊರವ್ಯಾಸ, ದಪ್ಪ, ಈ ಮೂರು ಅಂಕಿ ಗೊತ್ತಿದ್ದರೆ ಕಂಪನಿಯ ಹೆಸರೇ ಬೇಡ. "ಸ್ಪೇರ್ ಬರುವುದಿಲ್ಲ" ಎನ್ನುವ ಮಾತಿನಲ್ಲಿ ಒಂದಷ್ಟು ಪಾಲು ಬರೀ ಸೋಮಾರಿತನ.

ಎರಡು ಭಾಗ ಕೂಡುವಲ್ಲಿ ಸೋರದಂತೆ ನಡುವೆ ಇಡುವ ಹಾಳೆಗೆ, ಅಂದರೆ ಪ್ಯಾಕಿಂಗ್ ಅಥವಾ ಗ್ಯಾಸ್ಕೆಟ್‌ಗಂತೂ ಯಂತ್ರವೇ ಬೇಡ. ಗ್ಯಾಸ್ಕೆಟ್ ಹಾಳೆಯನ್ನು ಎರಕದ ಭಾಗದ ಸಪಾಟು ಮುಖದ ಮೇಲಿಟ್ಟು, ಬಾಲ್ ಪೀನ್ ಸುತ್ತಿಗೆಯ ದುಂಡು ತಲೆಯಿಂದ ಬೋಲ್ಟ್ ತೂತಿನ ಮೇಲೆ ಮೆಲ್ಲಗೆ ತಟ್ಟಿದರೆ ತೂತಿನ ಅಂಚೇ ಹಾಳೆಯನ್ನು ದುಂಡಗೆ ಕತ್ತರಿಸುತ್ತದೆ. ಎರಡು ಬೋಲ್ಟ್ ತೂರಿಸಿ ಹಾಳೆ ಜರುಗದಂತೆ ಮಾಡಿಕೊಂಡು ಸುತ್ತಲೂ ತಟ್ಟುತ್ತಾ ಹೋಗಬೇಕು. ಅಲ್ಯೂಮಿನಿಯಂ ಎರಕವಾದರೆ ಸುತ್ತಿಗೆ ಬೇಡ, ಅಂಚು ಜಜ್ಜಿಹೋಗುತ್ತದೆ. ಮುಖಕ್ಕೆ ತೆಳ್ಳಗೆ ಗ್ರೀಸ್ ಸವರಿ, ಹಾಳೆ ಒತ್ತಿ, ಬಿದ್ದ ಅಚ್ಚಿನ ಗೆರೆಯಂತೆ ಕತ್ತರಿ ಆಡಿಸಿದರಾಯಿತು. ಹಾಳೆಯ ದಪ್ಪ ಮಾತ್ರ ಮೊದಲಿನಷ್ಟೇ ಇರಬೇಕು. ಸಿಲಿಂಡರ್ ಅಡಿಗೆ ದಪ್ಪ ಹಾಳೆ ಹಾಕಿದರೆ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಇಳಿಯುತ್ತದೆ.

ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ. ಸವೆದ ಬುಷ್ಷನ್ನು ವರ್ನಿಯರ್‌ನಲ್ಲಿ ಅಳೆದರೆ ಸಿಗುವುದು ಸವೆತದ ಅಳತೆ. ಹೊಸದಾಗಿದ್ದಾಗ ಎಷ್ಟಿತ್ತು, ಶಾಫ್ಟಿಗೂ ಅದಕ್ಕೂ ನಡುವೆ ಎಷ್ಟು ಸಡಿಲ ಬಿಟ್ಟಿದ್ದರು, ಅದು ಗನ್‌ಮೆಟಲ್ಲೋ ಬೇರೆ ಮಿಶ್ರಲೋಹವೋ, ಹಗ್ಗ ಎಳೆಯುವ ಸ್ಟಾರ್ಟರಿನೊಳಗಿನ ಕೊಕ್ಕೆಯನ್ನು ಕಾಯಿಸಿ ಗಟ್ಟಿಯಾಗಲು ಹದ ಹಾಕಿದ್ದರೋ ಇಲ್ಲವೋ, ಇದನ್ನೆಲ್ಲ ತುಂಡು ಲೋಹ ಬಾಯಿಬಿಟ್ಟು ಹೇಳುವುದಿಲ್ಲ. ಬ್ರಷ್ ಕಟರ್ ತಲೆಯೊಳಗೆ ತಿರುಗುವಿಕೆಯ ದಿಕ್ಕನ್ನು ಬದಲಿಸುವ ಬೆವೆಲ್ ಗೇರ್ ಹಲ್ಲು ಉದುರಿತೆಂದರೆ ನನ್ನಂಥವನ ಲೇತ್ ಕೈಚೆಲ್ಲುತ್ತದೆ. ಅದರ ಅಳತೆಯ ನಕ್ಷೆ ಇದ್ದರೆ ತಾಲ್ಲೂಕಿನಲ್ಲಿ ಅದೇ ಮಾಡೆಲ್ ಇಟ್ಟುಕೊಂಡವರೆಲ್ಲ ಸೇರಿ ಗೇರ್ ಕತ್ತರಿಸುವ ಕಾರ್ಖಾನೆಯಲ್ಲಿ ಒಟ್ಟಿಗೆ ಮಾಡಿಸಬಹುದು. ನಕ್ಷೆಯಿಲ್ಲದೆ ಯಾರೂ ಕೈ ಹಾಕುವುದಿಲ್ಲ.

ಲೋಹ ಯಾವುದೆಂದು ತಿಳಿಯದೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ರೋಟವೇಟರಿನ ಶಿಯರ್ ಬೋಲ್ಟ್ ನೋಡಿ. ಅದನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ. ಅಲಗಿಗೆ ಕಲ್ಲು ಸಿಕ್ಕಿದಾಗ ಬೋಲ್ಟ್ ತುಂಡಾಗಿ ಗೇರ್ ಬಾಕ್ಸ್ ಉಳಿಯುತ್ತದೆ. "ಪದೇ ಪದೇ ಮುರಿಯುತ್ತದೆ" ಎಂದು ಬೇಸತ್ತು ಗಟ್ಟಿ ಉಕ್ಕಿನ ಬೋಲ್ಟ್ ಹಾಕಿಸಿ, ನೂರು ರೂಪಾಯಿ ಉಳಿಸಿ ಗೇರ್ ಬಾಕ್ಸ್ ಕಳೆದುಕೊಂಡವರು ನಮ್ಮೂರಲ್ಲೇ ಇದ್ದಾರೆ. ಹುಲ್ಲುಹಾಸು ಕತ್ತರಿಸುವ ಕೆಲವು ಯಂತ್ರಗಳಲ್ಲಿ ಫ್ಲೈವೀಲನ್ನು ಶಾಫ್ಟಿನ ಮೇಲೆ ಜರುಗದಂತೆ ಕೂರಿಸುವ ಪುಟ್ಟ ಲೋಹದ ಕೀಲಿಯದೂ ಇದೇ ಕಥೆ. ಮನೆಯಲ್ಲಿ ಮಾಡುವವನಿಗೆ ಗಟ್ಟಿಯಾದದ್ದೇ ಒಳ್ಳೆಯದು ಎಂಬ ಒಂದು ಹುಂಬ ನಂಬಿಕೆ ಇರುತ್ತದೆ. ಕಂಪನಿ ಒಂದು ಸಾಲು ಬರೆದುಕೊಟ್ಟರೆ ಈ ಎಡವಟ್ಟು ತಪ್ಪುತ್ತದೆ.

ಈಗ ಹುಡುಗರು ಕಾಲೇಜಿನ ಥ್ರೀಡಿ ಪ್ರಿಂಟರ್‌ನಲ್ಲಿ ಗುಂಡಿ, ಮುಚ್ಚಳ, ಹಿಡಿಕೆಗಳನ್ನು ಮಾಡಿಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಅವರು ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಮೆತ್ತಗಾಗುತ್ತದೆ. ಸೈಲೆನ್ಸರ್ ಪಕ್ಕ ಇಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಳೆಯ ಯಂತ್ರಗಳ ರಬ್ಬರಿಗೆ ಇನ್ನೊಂದು ಕಾಟ: ಪೆಟ್ರೋಲಿಗೆ ಈಗ ಶೇ 20ರವರೆಗೆ ಎಥೆನಾಲ್ ಬೆರೆತಿದೆ. ಅದಕ್ಕೆಂದು ಮಾಡದ ಪೆಟ್ರೋಲ್ ಪೈಪು, ಕಾರ್ಬುರೇಟರ್ ಡಯಾಫ್ರಾಮ್ ಊದಿಕೊಳ್ಳುತ್ತವೆ ಇಲ್ಲವೇ ಬಿರುಸಾಗಿ ಬಿರಿಯುತ್ತವೆ. ಅಂದರೆ ಬಿಡಿಭಾಗದ ಅಗತ್ಯ ಹೆಚ್ಚುತ್ತಿರುವ ಹೊತ್ತಿನಲ್ಲೇ ಪೂರೈಕೆ ನಿಲ್ಲುತ್ತಿದೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಪವರ್ ಟಿಲ್ಲರ್ ಮತ್ತು ಅದರ ಭಾಗಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ದೇಶೀಯ ತಯಾರಕರಿಗೆ ಅದು ಆಸರೆಯಾಗಿರಬಹುದು. ಅದಕ್ಕೂ ಮುಂಚೆ ಹೊರದೇಶದ ಟಿಲ್ಲರ್ ಕೊಂಡಿದ್ದವನನ್ನು ಯಾರೂ ಕೇಳಲಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಬ್ರಷ್ ಕಟರಿನ ಬ್ಲೇಡನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಬಿರುಕು ಬಿಟ್ಟದ್ದಕ್ಕೆ ವೆಲ್ಡಿಂಗ್ ಹಾಕಿಸಬೇಡಿ, ಅದರ ರಕ್ಷಾಕವಚವನ್ನು ಬಿಚ್ಚಿಡಬೇಡಿ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಗಡು ತುಂಡಾದರೆ ಕಾಲು ಯಾರದೆಂದು ನೋಡುವುದಿಲ್ಲ. ಮನೆಯ ಬಿಡಿಭಾಗ ಅಪಾಯಕಾರಿ ಎಂದು ಕಂಪನಿಗಳು ವಾದಿಸುವುದು ಇಂಥವನ್ನೇ ತೋರಿಸಿ. ಹಾಗಿದ್ದರೆ ಯಾವ ಭಾಗವನ್ನು ಮಾಡಬಹುದು, ಯಾವುದನ್ನು ಮಾಡಕೂಡದು ಎಂದು ಅವರೇ ಬರೆದು ಕೊಡಲಿ. ಮುಚ್ಚಿಟ್ಟುಕೊಂಡರೆ ಅಪಾಯ ಕಡಿಮೆಯಾದೀತೇ?

ಭಾಗವನ್ನು ನಕಲು ಮಾಡಿದರೆ ಕಂಪನಿಯ ವಿನ್ಯಾಸದ ಹಕ್ಕಿಗೆ ಧಕ್ಕೆ ಎಂಬ ಮಾತೂ ಬರುತ್ತದೆ. 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿತ ವಿನ್ಯಾಸಕ್ಕೆ ರಕ್ಷಣೆ 10 ವರ್ಷ, ವಿಸ್ತರಿಸಿದರೆ ಇನ್ನೂ 5. ಅದೂ ನೋಟಕ್ಕೆ ಕಾಣುವ ಅಂದಚೆಂದಕ್ಕೆ. ಬರೀ ಯಾಂತ್ರಿಕ ಸಾಧನವಾದದ್ದು ಕಾಯ್ದೆಯ ವ್ಯಾಖ್ಯೆಯೊಳಗೇ ಬರುವುದಿಲ್ಲ. ಪೇಟೆಂಟ್ ಇದ್ದರೆ ಅದಕ್ಕೆ 20 ವರ್ಷ. ತಾನೇ ಮಾಡುವುದನ್ನು ಬಿಟ್ಟ ಬುಷ್ಷಿನ ಅಳತೆಯಲ್ಲಿ ಕಾಪಾಡಿಕೊಳ್ಳುವಂಥ ಗುಟ್ಟು ಏನಿದೆಯೋ ನಾನು ಕಾಣೆ.

ದೆಹಲಿಯಲ್ಲಿ ಈ ವಿಷಯ ಹೊಸತಲ್ಲ. 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡಲಿಲ್ಲವೆಂದು 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು', ಅಂದರೆ ಕೊಂಡ ವಸ್ತುವನ್ನು ತಾನೇ ಅಥವಾ ಬೇಕಾದವರಿಂದ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಕುರಿತು ಸಮಿತಿ ಮಾಡಿದಾಗ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆಮೇಲೆ ಯಾವ ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಅಂಕ ಕೊಡುವ ದುರಸ್ತಿ ಸೂಚ್ಯಂಕದ ಚರ್ಚೆ ಮೊಬೈಲ್, ಎಲೆಕ್ಟ್ರಾನಿಕ್ ಸಾಧನಗಳ ಕಡೆಗೆ ವಾಲಿತು. ಟಿಲ್ಲರ್ ಹಿಂದೆ ಬಿತ್ತು. ಫ್ರಾನ್ಸ್‌ನಲ್ಲಿ 2021ರಲ್ಲಿ ಇಂಥ ಸೂಚ್ಯಂಕ ಶುರುವಾದಾಗ ಮೊದಲ ಐದು ವಸ್ತುಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರವೂ ಇತ್ತು. ಅಲ್ಲಿ ಹುಲ್ಲು ಕತ್ತರಿಸುವುದು ಮನೆಯಂಗಳದ ಅಂದಕ್ಕೆ. ಇಲ್ಲಿ ಅದು ಹೊಟ್ಟೆಪಾಡು.

ರಾಜ್ಯ ಸರ್ಕಾರ ದೆಹಲಿಗೆ ಕಾಯಬೇಕಿಲ್ಲ. ಸಹಾಯಧನದ ಪಟ್ಟಿಗೆ ಸೇರುವ ಯಂತ್ರಕ್ಕೆ ಪರೀಕ್ಷಾ ವರದಿ ಕೇಳುವ ಕೃಷಿ ಇಲಾಖೆ ಇನ್ನೊಂದು ಕಾಗದವನ್ನೂ ಕೇಳಲಿ: ಮಾಡೆಲ್ ನಿಲ್ಲಿಸಿದ ದಿನವೇ ಸವೆಯುವ ಭಾಗಗಳ ಅಳತೆ, ಲೋಹ, ಹದ, ಬೇರಿಂಗ್ ಮತ್ತು ಸೀಲ್ ಸಂಖ್ಯೆಗಳಿರುವ ಹಾಳೆಯನ್ನು ಕನ್ನಡದಲ್ಲಿ ಬಹಿರಂಗಪಡಿಸುತ್ತೇವೆ ಎಂಬ ಮುಚ್ಚಳಿಕೆ. ಅದರ ಪ್ರತಿ ಪ್ರತಿಯೊಂದು ರೈತ ಸಂಪರ್ಕ ಕೇಂದ್ರದಲ್ಲೂ ಐಟಿಐಯಲ್ಲೂ ಇರಲಿ. ಮಿಲಿಮೀಟರಿನ ನೂರನೇ ಒಂದು ಪಾಲು ಅಳೆಯಬಲ್ಲ ಕೈಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ, ಲೇತ್ ಅಂಗಡಿಗಳೂ ಇವೆ.

ಈಗಾಗಲೇ ಇಂಥ ಹಾಳೆ ಕೊಡುವ ಕಂಪನಿ ಯಾವುದಾದರೂ ಇದ್ದರೆ ಓದುಗರು ಇದೇ ಅಂಕಣದಲ್ಲಿ ತಿಳಿಸಲಿ. ನನ್ನ ಮುಂದಿನ ಬ್ರಷ್ ಕಟರ್ ಅದೇ ಕಂಪನಿಯದು, ಸಬ್ಸಿಡಿ ಸಿಗಲಿ ಬಿಡಲಿ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ