‘ಅಪರೂಪದ ಹಕ್ಕಿ’ ಎನ್ನುವ ಮೊದಲು ಕೊಕ್ಕು, ಕಾಲು, ಬಾಲ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಓದುಗರು ತೆಗೆದ ಹಕ್ಕಿಗಳ ಚಿತ್ರಕ್ಕೆ ಜಾಗ ಸಿಗುತ್ತಿರುವುದು ಸಂತೋಷದ ಸಂಗತಿ. ಆದರೆ ಚಿತ್ರದ ಕೆಳಗಿನ ‘ಅಪರೂಪದ ಅತಿಥಿ’, ‘ವಿದೇಶಿ ಹಕ್ಕಿ’ ಎಂಬ ಸಾಲು ಎಷ್ಟೋ ಸಲ ತಪ್ಪಾಗಿರುತ್ತದೆ. ಮಂಡ್ಯದ ಗದ್ದೆ ಬಯಲಿನಲ್ಲಿ ಕಾಣುವ ಕೇಸರಿ ತಲೆಯ ‘ಹೊಸ ಕೊಕ್ಕರೆ’ ಸಾಮಾನ್ಯವಾಗಿ ದನಗಳ ಹಿಂದೆ ವರ್ಷವಿಡೀ ಓಡಾಡುವ ಗೋವಕ್ಕಿಯೇ. ಮಳೆಗಾಲದಲ್ಲಿ ಮರಿ ಮಾಡುವ ಹೊತ್ತಿಗೆ ಅದರ ತಲೆ, ಕತ್ತು, ಬೆನ್ನಿನ ಗರಿ ಕೇಸರಿಗೆ ತಿರುಗುತ್ತದೆ. ಗದ್ದೆ ಬದುವಿನ ಮೇಲೆ ಕಂದಾಗಿ ಕೂತ ಕೊಳಬಕ ರೆಕ್ಕೆ ಬಿಚ್ಚಿದೊಡನೆ ಅಚ್ಚ ಬಿಳಿಯಾಗಿ ಕಾಣುವುದರಿಂದ ಅದನ್ನು ಎರಡು ಹಕ್ಕಿಯೆಂದು ಎಣಿಸಿದವರೂ ಇದ್ದಾರೆ.

ತಪ್ಪಾಗುವುದು ಬಣ್ಣವನ್ನು ಮೊದಲು ನಂಬುವುದರಿಂದ. ಬಣ್ಣ ಬೆಳಕಿನ ಜೊತೆ ಬದಲಾಗುತ್ತದೆ, ವಯಸ್ಸಿನ ಜೊತೆ ಬದಲಾಗುತ್ತದೆ, ಗಂಡು ಹೆಣ್ಣಿಗೂ ಬೇರೆಯಾಗುತ್ತದೆ. ಹೆಣ್ಣು ಕೋಗಿಲೆ ಕಪ್ಪಲ್ಲ, ಕಂದು ಮೈಮೇಲೆ ಬಿಳಿ ಚುಕ್ಕಿ. ಆಕಾಶಕ್ಕೆ ಎದುರಾಗಿ ನೋಡಿದರೆ ಯಾವ ಹಕ್ಕಿಯೂ ಕಪ್ಪೇ. ಹಾಗಾಗಿ ಸೂರ್ಯ ಬೆನ್ನ ಹಿಂದೆ ಇರುವಂತೆ, ನಿಮ್ಮ ನೆರಳು ಹಕ್ಕಿಯ ಕಡೆಗೆ ಬೀಳುವಂತೆ ನಿಲ್ಲಿ.

ಮೊದಲು ಗಾತ್ರ. ಸೆಂಟಿಮೀಟರ್ ಊಹಿಸಬೇಡಿ, ಗೊತ್ತಿರುವ ಹಕ್ಕಿಗೆ ಹೋಲಿಸಿ: ಗುಬ್ಬಿ, ಪಿಕಳಾರ, ಗೊರವಂಕ, ಪಾರಿವಾಳ, ಕಾಗೆ, ಹದ್ದು. ‘ಗೊರವಂಕಕ್ಕಿಂತ ದೊಡ್ಡದು, ಪಾರಿವಾಳಕ್ಕಿಂತ ಚಿಕ್ಕದು’ ಎಂದರೆ ಸಾಕು. ದೂರದ ಹಕ್ಕಿಯ ಗಾತ್ರ ಮೋಸ ಮಾಡುತ್ತದೆ. ಪಕ್ಕದಲ್ಲಿ ಬೇರೊಂದು ಹಕ್ಕಿಯೋ ವಿದ್ಯುತ್ ಕಂಬವೋ ಇದ್ದರೆ ಅದನ್ನೂ ಚಿತ್ರದಲ್ಲಿ ಸೇರಿಸಿ. ಆಮೇಲೆ ಕೊಕ್ಕು, ಕಾಲು, ಬಾಲ. ಇವು ಬಣ್ಣದಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಬೆಳ್ಳಕ್ಕಿಗಳನ್ನೇ ತೆಗೆದುಕೊಳ್ಳಿ. ನಾಲೆ ಬಯಲಿನಲ್ಲಿ ಬಿಳಿಯದೆಲ್ಲ ಒಂದೇ ಎನ್ನುತ್ತೇವೆ, ಇರುವುದು ನಾಲ್ಕು ಜಾತಿ. ಕೊಕ್ಕು ಕಪ್ಪು, ಕಾಲು ಕಪ್ಪು, ಬೆರಳು ಮಾತ್ರ ಹಳದಿಯಾದರೆ ಚಿಕ್ಕ ಬೆಳ್ಳಕ್ಕಿ. ಆದರೆ ನಾಟಿ ಗದ್ದೆಯ ಕೆಸರಿನಲ್ಲಿ ಬೆರಳು ಕಾಣುವುದಿಲ್ಲ. ಹಾರಿದಾಗ ಕಾಲು ಬಾಲದ ಹಿಂದಕ್ಕೆ ಚಾಚುತ್ತದಲ್ಲ, ಆಗ ನೋಡಬೇಕು. ಗಿಡ್ಡ ಕತ್ತು, ಮೊಂಡು ಹಳದಿ ಕೊಕ್ಕು ಗೋವಕ್ಕಿಯದು. ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಗಳೆರಡಕ್ಕೂ ಕಾಲು, ಬೆರಳು ಕಪ್ಪು. ಹಳದಿ ಕೊಕ್ಕು ಗೂಡು ಕಟ್ಟುವ ಕಾಲದಲ್ಲಿ ಕಪ್ಪಾಗುತ್ತದೆ. ಆದ್ದರಿಂದ ಕಪ್ಪು ಕೊಕ್ಕು ಕಂಡಾಕ್ಷಣ ಚಿಕ್ಕ ಬೆಳ್ಳಕ್ಕಿ ಎಂದು ಬರೆದುಬಿಡಬಾರದು. ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಯನ್ನು ಬೇರ್ಪಡಿಸುವ ನಂಬಿಕೆಯ ಗುರುತು ಬಾಯಿಯ ಸೀಳು. ಅದು ಕಣ್ಣಿನ ಕೆಳಗೇ ನಿಂತರೆ ಮಧ್ಯಮ, ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡದು. ಇದಕ್ಕೆ 8×42ರ (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ದುರ್ಬೀನು ಬೇಕು. ಮೊಬೈಲಿನಲ್ಲಿ ಜೂಮ್ ಎಳೆದರೆ ಅಂಚುಗಳು ಕಲಸಿಹೋಗಿ, ನೋಡಬೇಕಾದ ಆ ಗೆರೆಯೇ ಅಳಿಸಿಹೋಗುತ್ತದೆ.

ಇನ್ನೊಂದು ಜೋಡಿ ಪಟ್ಟಣದ ತೋಟಗಳಲ್ಲೇ ಮೋಸ ಮಾಡುತ್ತದೆ: ಬಿಜ್ಜು (ಶಿಕ್ರಾ ಎಂಬ ಸಣ್ಣ ಬೇಟೆಹಕ್ಕಿ) ಮತ್ತು ಚಾಣ ಕೋಗಿಲೆ. ಬೂದು ಬೆನ್ನು, ಎದೆಯ ಮೇಲೆ ಕಂದು ಗೆರೆ, ಪಟ್ಟೆ ಬಾಲ, ಎರಡಕ್ಕೂ ಒಂದೇ ವೇಷ. ಚಾಣ ಕೋಗಿಲೆ ಹಾರುವ ಧಾಟಿಯೂ ಬಿಜ್ಜುವಿನಂತೆಯೇ ಇದ್ದು, ಸಣ್ಣ ಹಕ್ಕಿಗಳು ಅದಕ್ಕೂ ಹೆದರಿ ಕೂಗುತ್ತವೆ. ಕೊಕ್ಕು ನೋಡಿ. ಬಿಜ್ಜುವಿನದು ಬುಡದಿಂದಲೇ ಬಾಗಿದ ಕೊಕ್ಕೆ, ಬೆರಳುಗಳಲ್ಲಿ ಬಲವಾದ ಉಗುರು, ಗಂಟಲ ನಡುವೆ ಒಂದು ಕಪ್ಪು ಗೀಟು. ಕೋಗಿಲೆಯ ಕೊಕ್ಕು ಸಪೂರ, ತುದಿಯಲ್ಲಷ್ಟೇ ತುಸು ಬಾಗಿರುತ್ತದೆ, ಕಣ್ಣಿನ ಸುತ್ತ ಹಳದಿ ಬಳೆ. ಬೇಸಿಗೆಯಲ್ಲಿ ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಲ್ಲುವ ಮೂರು ಸ್ವರದ ಕೂಗು ಕೇಳಿದರೆ ಸಂಶಯವೇ ಬೇಡ, ಚಾಣ ಕೋಗಿಲೆಯೇ. ಚಳಿಗಾಲದಲ್ಲಿ ಅದು ಹೆಚ್ಚು ಕೂಗದೆ ಇರುವುದರಿಂದಲೇ ಹೆಚ್ಚು ಎಡವುತ್ತೇವೆ. ಕೆರೆಗಳ ಮೇಲೆ ಸುತ್ತುವ ಹದ್ದು, ಗರುಡಗಳಿಗೆ ಬಾಲ ಸಾಕು. ಹದ್ದಿನ ಬಾಲ ಕವಲು, ಗರುಡನದು ದುಂಡು. ಗರುಡನ ಮರಿಗೆ ಬಿಳಿ ತಲೆ ಇನ್ನೂ ಬಂದಿರುವುದಿಲ್ಲ, ಮೈಯೆಲ್ಲ ಕಂದು. ಹದ್ದು ಬಾಲವನ್ನು ಪೂರ್ತಿ ಹರಡಿದಾಗ ಕವಲು ಮಾಯವಾಗುತ್ತದೆ, ಅದು ತಿರುಗುವವರೆಗೆ ಕಾಯಿರಿ.

ತಿಂಗಳೂ ಒಂದು ಗುರುತೇ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ಇರುವುದು ಚಳಿಗಾಲದಲ್ಲಿ. ಮೇ ತಿಂಗಳಲ್ಲಿ ಅದನ್ನು ಕಂಡೆ ಎನಿಸಿದರೆ ಇನ್ನೊಮ್ಮೆ ನೋಡಬೇಕು. ಕೆರೆಯಂಚಿನ ಹುಲ್ಲೋ, ನೀರಿನ ನಡುವೋ, ಮರದ ತುದಿಯೋ ಎಂಬುದೂ ದಾಖಲಾಗಲಿ. ಹಕ್ಕಿ ಬಾಲ ಕುಣಿಸುತ್ತಿತ್ತೇ, ನಡೆಯಿತೇ ಕುಪ್ಪಳಿಸಿತೇ, ಒಂಟಿಯೋ ಗುಂಪೋ, ಇದೆಲ್ಲವನ್ನೂ ಅದು ಕಣ್ಣೆದುರು ಇರುವಾಗಲೇ ಬರೆದುಕೊಳ್ಳಿ. ಮನೆಗೆ ಬಂದು ಪುಸ್ತಕ ತೆರೆದಮೇಲೆ ಬರೆದರೆ ಪುಸ್ತಕದ ಚಿತ್ರವೇ ನೆನಪಿನೊಳಗೆ ಕೂತುಬಿಡುತ್ತದೆ. ಕೂಗನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ಮುದ್ರಿಸಿಕೊಳ್ಳಿ, ಆ ಹೊತ್ತು ಮಾತು ಬೇಡ. ಊರಿನ ರೈತರು ಕರೆಯುವ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಒಂದೇ ಹೆಸರು ಮೂರು ನಾಲ್ಕು ಹಕ್ಕಿಗೆ ಇರಬಹುದು, ಆದರೂ ಅದು ಉಳಿಯಬೇಕಾದ ಮಾತು. ಗುರುತು ಹೇಳುವ ಆ್ಯಪ್‌ಗಳು ನೆರವಾಗುತ್ತವೆ. ಅವುಗಳ ಉತ್ತರವನ್ನು ಸಲಹೆಯೆಂದು ಇಟ್ಟುಕೊಂಡು, ಕೊಕ್ಕು ಕಾಲುಗಳ ಟಿಪ್ಪಣಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಿ. ಬಿಳಿ ಕಾಗೆ, ಬಿಳಿ ಗೊರವಂಕ ಕಂಡರೆ ಹೊಸ ಜಾತಿಯಲ್ಲ, ಗರಿಯ ಬಣ್ಣ ಕಡಿಮೆಯಾದ ನಮ್ಮದೇ ಹಕ್ಕಿ.

ಸಂಪಾದಕರಲ್ಲಿ ಮೂರು ಕೋರಿಕೆಗಳು. ಚಿತ್ರದ ಜೊತೆ ತಾರೀಖು ಮತ್ತು ಕೆರೆಯ ಅಥವಾ ಊರಿನ ಹೆಸರನ್ನು ತಪ್ಪದೆ ಹಾಕಿ; ಗುರುತು ಗಟ್ಟಿಯಾಗದಿದ್ದರೆ ‘ಗುರುತಿಸಲಾಗಿಲ್ಲ’ ಎಂದೇ ಅಚ್ಚು ಮಾಡಿ. ತಪ್ಪು ಹೆಸರು ಒಮ್ಮೆ ಅಚ್ಚಾದರೆ ಜಿಲ್ಲೆಯ ಹಕ್ಕಿಪಟ್ಟಿಗೂ ನುಸುಳುತ್ತದೆ. ಆದರೆ ಗೂಡಿನ ಚಿತ್ರವನ್ನಾಗಲಿ ಗೂಡಿರುವ ಜಾಗವನ್ನಾಗಲಿ ದಯವಿಟ್ಟು ಪ್ರಕಟಿಸಬೇಡಿ. ಜನ ಮುತ್ತಿದರೆ ತಾಯಿಹಕ್ಕಿ ಗೂಡು ಬಿಟ್ಟು ದೂರ ಕೂರುತ್ತದೆ, ಅಷ್ಟರಲ್ಲಿ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆ ಎತ್ತಿಕೊಂಡು ಹೋಗುತ್ತದೆ.

— ಹವ್ಯಾಸಿ ಪಕ್ಷಿ ವೀಕ್ಷಕರು, ಮಂಡ್ಯ