ಹಳೆಯ ಕ್ಯಾನ್ಸರ್ ಬೇಕಾದಾಗ ಮಾತ್ರ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಹಿಂದೆ ಒಮ್ಮೆ ಕ್ಯಾನ್ಸರ್ ಬಂದು ಗುಣವಾದವರಿಗೆ ಜಠರದ ಕ್ಯಾನ್ಸರ್ ಕಾಣಿಸಿಕೊಂಡರೆ ಉಳಿಯುವ ಆಸೆ ಕಡಿಮೆ ಎಂಬ ಅರ್ಥ ಬರುವ ಶೀರ್ಷಿಕೆ ಕೊಟ್ಟು ಕಳೆದ ಭಾನುವಾರ ನೀವು ಪ್ರಕಟಿಸಿದ ವರದಿಯನ್ನು ನಾನು ಅಂದು ಓದಿರಲಿಲ್ಲ. ಸೋಮವಾರ ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯೊಂದರ ದಾಖಲೆ ವಿಭಾಗದ ಕಿಟಕಿಯ ಒಳಗೆ ಕುಳಿತಿದ್ದ ಮಹಾಶಯರೇ ಅದನ್ನು ನನಗೆ ತೋರಿಸಿದರು. "ಯಜಮಾನ್ರೇ, ಪೇಪರ್‌ನಲ್ಲೇ ಬಂದಿದೆ ನೋಡಿ, ಎರಡನೇ ಸಲ ಅಂದ್ರೆ ಕಷ್ಟ ಅಂತ. ಹನ್ನೊಂದು ವರ್ಷದ ಹಿಂದಿನ ಬ್ಲಾಕ್ ತಗೊಂಡು ಈಗ ಏನ್ ಮಾಡ್ತೀರಿ?" ಎಂದರು. ನನ್ನ ಪತ್ನಿ ಮೂರು ಹೆಜ್ಜೆ ಹಿಂದೆ ಸ್ಟೀಲಿನ ಬೆಂಚಿನ ಮೇಲೆ ಕುಳಿತಿದ್ದಳು. ಆಕೆಯ ಕಿವಿಗೆ ಇನ್ನೂ ಏನೂ ಆಗಿಲ್ಲ.

ಬ್ಲಾಕ್ ಎಂದರೆ ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಆಸ್ಪತ್ರೆಯವರು ಕಾಪಿಡುವ ಬಿಲ್ಲೆ. ಅದನ್ನು ತೆಗೆದುಕೊಂಡು ಏನು ಮಾಡುತ್ತೇವೆಂಬುದನ್ನು ವಿವರಿಸಲು ಆ ಕಿಟಕಿಯಲ್ಲಿ ಅವಕಾಶವಾಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. 2014ರಲ್ಲಿ ನನ್ನ ಪತ್ನಿಗೆ ಅದೇ ಆಸ್ಪತ್ರೆಯಲ್ಲಿ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಅದು ಲೋಬ್ಯುಲರ್ ಎಂಬ ಬಗೆಯದು. ಕೀಮೋ, ರೇಡಿಯೇಷನ್, ಐದು ವರ್ಷಗಳ ಮಾತ್ರೆ ಎಲ್ಲವನ್ನೂ ಮುಗಿಸಿ, ಮತ್ತೆ ಶಾಲೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು, ಆಕೆ ಸೇವೆಯಿಂದ ನಿವೃತ್ತಳಾದಳು. ಈ ವರ್ಷದ ಆರಂಭದಲ್ಲಿ ಎರಡು ತುತ್ತು ಮುದ್ದೆ ನುಂಗುವಷ್ಟರಲ್ಲಿ ಹೊಟ್ಟೆ ತುಂಬಿತೆಂದು ತಟ್ಟೆ ಸರಿಸತೊಡಗಿದಳು. ನಾಲ್ಕು ತಿಂಗಳು ಹಾಸನದಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ ಮೇಲೆ ಎಂಡೋಸ್ಕೋಪಿ ಆಯಿತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಆದರೆ ಅದು ಜಠರದಲ್ಲೇ ಹೊಸದಾಗಿ ಹುಟ್ಟಿದ್ದೋ, ಇಲ್ಲವೇ ಸ್ತನದ ಹಳೆಯ ಕ್ಯಾನ್ಸರೇ ಇಷ್ಟು ವರ್ಷ ಅಡಗಿದ್ದು ಜಠರಕ್ಕೆ ಇಳಿದದ್ದೋ ಎಂಬುದು ಇತ್ಯರ್ಥವಾಗಿಲ್ಲ. ಲೋಬ್ಯುಲರ್ ಬಗೆಯದು ಹೀಗೆ ಜಠರಕ್ಕೆ ಹರಡುವುದುಂಟು ಮತ್ತು ಸೂಕ್ಷ್ಮದರ್ಶಕದ ಕೆಳಗೆ ಎರಡೂ ಒಂದೇ ತೆರನಾಗಿ ಕಾಣಿಸುವುದುಂಟು ಎಂದು ವೈದ್ಯರು ತಾಳ್ಮೆಯಿಂದಲೇ ತಿಳಿಸಿದರು. ಮೊದಲನೆಯದಾದರೆ ಕೀಮೋ ಕೊಟ್ಟು ಜಠರವನ್ನು ಕತ್ತರಿಸಿ ತೆಗೆಯುವ ಮಾತು. ಎರಡನೆಯದಾದರೆ ಸಾಮಾನ್ಯವಾಗಿ ಆಪರೇಷನ್ನೇ ಇಲ್ಲ, ಔಷಧಿಯೇ ಗತಿ. ಇದನ್ನು ತೀರ್ಮಾನಿಸಲು ಪೆಥಾಲಜಿಯವರು ಹಳೆಯ ಗಡ್ಡೆಯ ಚೂರನ್ನು ಹೊಸದರ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕಂತೆ. ಆ ಚೂರು ಇರುವುದು ಹೆಬ್ಬೆರಳಿನ ಗಾತ್ರದ ಮೇಣದ ಬಿಲ್ಲೆಯೊಂದರಲ್ಲಿ. ನಾವು ಕೇಳಿದ್ದು ಅಷ್ಟನ್ನೇ. ಆಸ್ಪತ್ರೆಯ ಆಸ್ತಿಯಲ್ಲಿ ಪಾಲನ್ನಲ್ಲ.

ಅದಕ್ಕಾಗಿ ಈವರೆಗೆ ಮೂರು ಬಾರಿ ರಾತ್ರಿ ಒಂದೂವರೆಯ ಬಸ್ಸು ಹಿಡಿದಿದ್ದೇವೆ. ಮೊದಲ ಬಾರಿ ಹಳೆಯ ನಂಬರು 'ಸಿಸ್ಟಂ'ನಲ್ಲಿ ಇಲ್ಲವೆಂದರು. ಎರಡನೆಯ ಬಾರಿ ರೋಗಿಯೇ ಖುದ್ದಾಗಿ ಬಂದು ಸಹಿ ಹಾಕಬೇಕೆಂದರು. ಮೂರನೆಯ ಬಾರಿ, ಗಂಜಿಯನ್ನು ಬಿಟ್ಟರೆ ಬೇರೇನೂ ಇಳಿಯದ ರೋಗಿಯನ್ನು ಖುದ್ದಾಗಿ ಕರೆದೊಯ್ದು, ಐದೂವರೆಗೆ ಟೋಕನ್ ಪಡೆದು, ಹನ್ನೊಂದು ಗಂಟೆಗೆ ಕಿಟಕಿ ತಲುಪಿದಾಗ ಸಿಕ್ಕ ಪ್ರಸಾದವೇ ಮೇಲೆ ಹೇಳಿದ ನಿಮ್ಮ ಪತ್ರಿಕೆ. 2014ರ ರಸೀದಿಯನ್ನು ನಾವು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆವು. ಬ್ಲಾಕಿನ ನಂಬರು ಅದರ ಮೇಲೆ ನೀಲಿ ಶಾಯಿಯಲ್ಲಿ ಈಗಲೂ ಸ್ಪಷ್ಟವಾಗಿದೆ. ಮನೆಯ ಬೀರುವಿನಲ್ಲಿ ಹನ್ನೊಂದು ವರ್ಷ ಉಳಿಯುವ ಕಾಗದಕ್ಕಿರುವ ಆಯುಷ್ಯ ಅಷ್ಟು ದೊಡ್ಡ ಕಟ್ಟಡದೊಳಗಿನ ಮೇಣಕ್ಕೆ ಇಲ್ಲವೆಂದರೆ ನಂಬುವುದು ಹೇಗೆ?

ಇನ್ನು ತಮ್ಮ ವರದಿಯ ವಿಚಾರ. ಮರಳುವ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಪೂರ್ತಿ ಓದಿದೆ. ಶೀರ್ಷಿಕೆ ಬರೆದವರು ಕೆಳಗಿನ ಸಾಲುಗಳನ್ನು ಓದಿದ್ದರೋ ಇಲ್ಲವೋ ಎಂಬ ಅನುಮಾನ ಬಂತು. ಜಠರದ ಕ್ಯಾನ್ಸರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ತೂಗುವುದು ಅದು ಯಾವ ಹಂತದಲ್ಲಿ ಪತ್ತೆಯಾಯಿತು ಎಂಬುದು. ಅಮೆರಿಕದ ಕ್ಯಾನ್ಸರ್ ರೋಗಿಗಳ ನೋಂದಣಿಯ ಲೆಕ್ಕದಲ್ಲಿ ಎಲ್ಲ ಹಂತಗಳನ್ನೂ ಸೇರಿಸಿದರೆ ಐದು ವರ್ಷ ಉಳಿಯುವವರು ನೂರಕ್ಕೆ ಸುಮಾರು 36. ರೋಗ ಜಠರದೊಳಗೇ ಇರುವಾಗ ಸಿಕ್ಕಿದರೆ ಸುಮಾರು 75. ದೂರದ ಅಂಗಗಳಿಗೆ ಹರಡಿದ ಮೇಲಾದರೆ 10ಕ್ಕಿಂತ ಕಡಿಮೆ. ಹಳೆಯ ಕ್ಯಾನ್ಸರ್ ಇದ್ದವರ ಲೆಕ್ಕ ಹಾಕುವಾಗ ಇನ್ನೂ ಒಂದು ತೊಡಕಿದೆ. ಅವರಲ್ಲಿ ಹಲವರಿಗೆ ವಯಸ್ಸಾಗಿರುತ್ತದೆ. ಹೃದಯದ ತೊಂದರೆಯಿಂದಲೋ ಹಳೆಯ ಕ್ಯಾನ್ಸರ್‌ನಿಂದಲೋ ತೀರಿಕೊಂಡವರೂ ಒಟ್ಟು ಸಾವಿನ ಪಟ್ಟಿಯಲ್ಲೇ ಸೇರುತ್ತಾರೆ, ಆದರೆ ಅದಕ್ಕೆ ಜಠರ ಹೊಣೆಯಲ್ಲ. ಯಾವ ಕ್ಯಾನ್ಸರ್ ಇತ್ತು, ಅದು ವಾಸಿಯಾಗಿ ಎಷ್ಟು ವರ್ಷವಾಯಿತು ಎಂಬುದನ್ನು ಬಿಟ್ಟು, 'ಹಿಂದೆ ಕ್ಯಾನ್ಸರ್ ಇತ್ತು' ಎಂಬ ಮೂರು ಪದಗಳಿಂದ ಭವಿಷ್ಯ ಹೇಳುವ ವಿದ್ಯೆ ಜ್ಯೋತಿಷಿಗಳಿಗೂ ಸಿದ್ಧಿಸಿಲ್ಲ. ಹೊಸ ಔಷಧಿಗಳ ಪ್ರಯೋಗಗಳಿಂದ ಇಂಥವರನ್ನು ಮೊದಲ ಪ್ರಶ್ನೆಗೇ ಹೊರಗಿಡುವ ರೂಢಿ ಬಹಳ ಕಾಲದಿಂದ ನಡೆದುಬಂದಿದೆ. ಹೊರಗಿಟ್ಟ ಮೇಲೆ ಇಂಥವರಿಗೆ ಔಷಧಿ ನಾಟುತ್ತದೆಂಬುದಕ್ಕೆ ಪುರಾವೆ ಇಲ್ಲವೆಂದು ಹೇಳುವುದೂ ನಡೆದಿದೆ. ಈ ಅಡ್ಡಗೋಡೆಯನ್ನು ತಗ್ಗಿಸಿರೆಂದು ಅಮೆರಿಕದ ಔಷಧಿ ನಿಯಂತ್ರಕರು 2020ರಲ್ಲೇ ಮಾರ್ಗಸೂಚಿ ಕೊಟ್ಟಿದ್ದಾರೆ. ಅಷ್ಟು ಹೊತ್ತಿಗೆ ನಮ್ಮ ಕಿಟಕಿಯವರು ಬಹುಶಃ ಊಟಕ್ಕೆ ಎದ್ದಿದ್ದರು.

ಕೊರಿಯಾದಲ್ಲಿ ನಲವತ್ತು ದಾಟಿದವರನ್ನು ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಕರೆದು ಜಠರವನ್ನು ಪರೀಕ್ಷಿಸುತ್ತದೆ. ಅಲ್ಲಿ ಈ ರೋಗ ನಮ್ಮಲ್ಲಿಗಿಂತ ಬಹಳ ಹೆಚ್ಚು, ಹಾಗಾಗಿ ಇಲ್ಲಿಯೂ ಎಲ್ಲರನ್ನೂ ಕರೆಯಿರೆಂದು ನಾನು ಹೇಳುತ್ತಿಲ್ಲ. ಒಮ್ಮೆ ಕ್ಯಾನ್ಸರ್ ಕಂಡವರು ಹೊಟ್ಟೆ ಸರಿಯಿಲ್ಲವೆಂದು ಬಂದಾಗ ನಾಲ್ಕು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ಕಳೆಯಬಾರದು ಎಂದಷ್ಟೇ ನನ್ನ ಕೋರಿಕೆ.

ಹಳೆಯ ಕ್ಯಾನ್ಸರ್ ಯಾರಿಗೂ ನೆನಪಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನಮ್ಮ ವಿಮೆ ಕಂಪನಿಗೆ ಅದು ಕಂಠಪಾಠವಾಗಿದೆ. 2017ರಲ್ಲಿ ಪಾಲಿಸಿ ಮಾಡಿಸುವಾಗಲೇ ಎಲ್ಲವನ್ನೂ ಬರೆದುಕೊಟ್ಟು, ಹೆಚ್ಚಿನ ಪ್ರೀಮಿಯಂ ಕಟ್ಟಿ, ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುವುದಿಲ್ಲವೆಂದು ಆಗ ಅವರು ವಿಧಿಸಿದ್ದ ನಾಲ್ಕು ವರ್ಷದ ಕಾಯುವ ಅವಧಿಯನ್ನೂ ಮುಗಿಸಿದ್ದೇವೆ. ಈ ಅವಧಿ ಮೂರು ವರ್ಷ ಮೀರಬಾರದೆಂದು ವಿಮಾ ಪ್ರಾಧಿಕಾರ 2024ರಲ್ಲಿ ನಿಯಮವನ್ನು ಇನ್ನಷ್ಟು ಸಡಿಲಿಸಿದೆ. ಆದರೂ ಈಗಿನ ಚಿಕಿತ್ಸೆಗೆ ಹಣ ಕೇಳಿದ್ದಕ್ಕೆ ಮೊನ್ನೆ ಬಂದ ಉತ್ತರ 'ಮೊದಲೇ ಇದ್ದ ಕಾಯಿಲೆ' ಎಂಬ ಒಂದೇ ಸಾಲು. ಅದು ಹಳೆಯ ಕಾಯಿಲೆಯೋ ಹೊಸದೋ ಎಂದು ಸ್ವತಃ ವೈದ್ಯರಿಗೇ ಗೊತ್ತಾಗದೆ ಬ್ಲಾಕ್ ಕೇಳುತ್ತಿರುವಾಗ, ಬ್ಲಾಕ್ ನೋಡದೆಯೇ ರೋಗವನ್ನು ಗುರುತಿಸಿದ ಈ ಮಹನೀಯರನ್ನು ಪೆಥಾಲಜಿ ವಿಭಾಗಕ್ಕೆ ನೇಮಿಸಿಕೊಳ್ಳಬಾರದೇಕೆ?

ಇದು ಇಂದಿನ ಕಥೆಯೂ ಅಲ್ಲ. 2014ರ ಚಿಕಿತ್ಸೆಯ ವೈದ್ಯಕೀಯ ವೆಚ್ಚದ ಬಿಲ್ಲನ್ನು ಆಕೆಯ ಇಲಾಖೆಯ ಕಚೇರಿಯವರು ಮೂರು ಬಾರಿ ಆಕ್ಷೇಪಣೆ ಬರೆದು ಹಿಂದಿರುಗಿಸಿದ್ದರು. ಒಮ್ಮೆ ಮೊಹರು ಮಸುಕಾಗಿತ್ತು, ಇನ್ನೊಮ್ಮೆ ಕೀಮೋಗೆ ಮೊದಲೇ ಅನುಮತಿ ಪಡೆದಿರಲಿಲ್ಲ, ಮತ್ತೊಮ್ಮೆ ಗುಮಾಸ್ತರು ರಜೆಯಲ್ಲಿದ್ದರು. ಎರಡೂವರೆ ವರ್ಷದ ನಂತರ ಮಂಜೂರಾದ ಹಣ ನಾವು ಮಾಡಿದ ಸಾಲದ ಬಡ್ಡಿಗೂ ಸಾಲಲಿಲ್ಲ. ಅಂದು ಸಂಬಂಧಪಟ್ಟ ಅಧಿಕಾರಿಗಳು "ಗುಣವಾಗಿದ್ದಾರಲ್ಲ, ಇನ್ನೇನು ಅವಸರ" ಎಂದಿದ್ದರು. ಇಂದಿನವರು ಗುಣವಾಗುವುದಿಲ್ಲವಲ್ಲ, ಇನ್ನೇನು ಅವಸರ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಯುತ್ತಿದೆ. ರೋಗಿಯ ಲೆಕ್ಕ ಇಡಲು ಬರುವ ನಾಡಿನಲ್ಲಿ ರೋಗಿಯ ಗಡ್ಡೆಯ ಲೆಕ್ಕ ಇಡಲು ಬಾರದೇ?

ಆದ್ದರಿಂದ ಆ ಬ್ಲಾಕನ್ನು ತಕ್ಷಣ ಹುಡುಕಿ ಕೊಡಬೇಕು. ಇಲ್ಲವಾಗಿದ್ದರೆ ಯಾವಾಗ, ಯಾರ ಅಪ್ಪಣೆಯ ಮೇರೆಗೆ ಇಲ್ಲವಾಯಿತೆಂದು ಬರೆದುಕೊಡಬೇಕು. ವಿಮೆಯವರು ತಮ್ಮ ಒಂದು ಸಾಲನ್ನು ಹಿಂಪಡೆಯಬೇಕು. ತಾವು ಆ ಶೀರ್ಷಿಕೆಯನ್ನು ತಿದ್ದಿ ಪ್ರಕಟಿಸಬೇಕು, ಅದೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ. ಉಳಿದಂತೆ ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಬೇಕು. ಕೈಗೊಳ್ಳುವ ಉದ್ದೇಶವಿಲ್ಲವಾದರೆ ಅದನ್ನಾದರೂ ಫೋನಿನಲ್ಲಿ ತಿಳಿಸಲಿ, ಗುರುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಕಾದಿರಿಸುವುದು ತಪ್ಪುತ್ತದೆ.

— ನೊಂದ ಓದುಗ, ಹಾಸನ