ಆರನೇ ಕೋರ್ಟಿನ ಹುಡುಗ

ಶಿರಸಿ

ಚಿ. ಅಪ್ಪಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಆರಾಮ. ಮಳೆ ಬಿಡುವು ಕೊಟ್ಟಿಲ್ಲ, ತೋಟಕ್ಕೆ ಎರಡನೇ ಸಲ ಮದ್ದು ಹೊಡೆಯುವುದು ಬಾಕಿ.

ಅಮೆರಿಕದ ಕಾಲೇಜಿನವರು ಟೆನಿಸ್ ತಂಡದ ಸಹಾಯಕ ಕೋಚ್ ಕೆಲಸಕ್ಕೆ ಕರೆದಿದ್ದಾರೆ ಎಂದು ಅಕ್ಕ ಹೇಳಿದಳು. ಕೋಚ್ ಆದರೆ ಸೋತ ಹಾಗೆ ಅಂದೆಯಂತೆ. ಯಾರು ಹೇಳಿದ್ದು?

ನೀನು ಆಡುವುದು 15 ಸಾವಿರ ಡಾಲರಿನ ಟೂರ್ನಿ ಎಂದರೆ ಊರವರು ಬಾಯಿ ಬಿಡುತ್ತಾರೆ. ಅದು ಎಲ್ಲರಿಗೂ ಹಂಚುವ ದುಡ್ಡು, ಗೆದ್ದವನಿಗೇ ಎರಡು ಸಾವಿರ ಚಿಲ್ಲರೆ. ಇದು ನಿನಗೇ ಚೆನ್ನಾಗಿ ಗೊತ್ತು, ಬಿಡು.

ಅಮೆರಿಕದ ಟೆನಿಸ್ ಆಟಗಾರರಾಗಿದ್ದ ಬ್ರಯಾನ್ ಶೆಲ್ಟನ್ ಅವರನ್ನೇ ನೋಡು. ಸಿಂಗಲ್ಸ್‌ನಲ್ಲಿ 55ನೇ ರ‍್ಯಾಂಕ್ ಮುಟ್ಟಿದವರು, 1994ರ ವಿಂಬಲ್ಡನ್ ಮೊದಲ ಸುತ್ತಿನಲ್ಲೇ ಮಾಜಿ ಚಾಂಪಿಯನ್ ಮೈಕಲ್ ಸ್ಟಿಕ್ ಅವರನ್ನು ಸೋಲಿಸಿದವರು. ಆಮೇಲೆ ಕೋಚ್ ಆಗಿ 2007ರಲ್ಲಿ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಹುಡುಗಿಯರಿಗೆ, 2021ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಹುಡುಗರಿಗೆ ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ತಂಡ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಹುಡುಗರು, ಹುಡುಗಿಯರು ಇಬ್ಬರಿಗೂ ಗೆಲ್ಲಿಸಿದ ಮೊದಲ ಕೋಚ್ ಅವರೇ. ಇವರನ್ನೂ ಸೋತವರು ಅಂತೀಯಾ?

ನನ್ನ ಚಿಂತೆ ಬೇರೆ. ಹೋದ ಸಲ ಬಂದಾಗ ನಮ್ಮ ಅಂಗಳದಲ್ಲಿ ಪಕ್ಕದ ಮನೆ ಕೂಸಿಗೆ ಬ್ಯಾಕ್‌ಹ್ಯಾಂಡ್ ಕಲಿಸಿದೆಯಲ್ಲ. ಅವಳು ತಪ್ಪಿದಾಗೆಲ್ಲ ರ‍್ಯಾಕೆಟ್ ಇಸಿದುಕೊಂಡು ನೀನೇ ಹೊಡೆದು ತೋರಿಸಿದೆ. ಹೊಡೆತ ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಚೆಂಡು ಬರುವಾಗ ಅವಳ ಭಾರವೆಲ್ಲ ಎಡಗಾಲ ಹಿಮ್ಮಡಿ ಮೇಲೇ ಇರುತ್ತಿತ್ತು. ಜಗಲಿಯಲ್ಲಿ ಕವಳ ಹಾಕುತ್ತಾ ಕೂತ ನನಗೆ ಅದು ಕಂಡಿತು, ನಿನಗೆ ಕಾಣಲಿಲ್ಲ. ಇಷ್ಟು ವರ್ಷ ನಿನ್ನ ಚೆಂಡನ್ನೇ ನೋಡಿದ ಕಣ್ಣು ಅದು. ಇನ್ನು ಬೇರೆಯವರ ಕಾಲು ನೋಡುವುದನ್ನು ಹೊಸದಾಗಿ ಕಲಿಯಬೇಕು.

ಅಲ್ಲಿನ ತಂಡದ ಪಂದ್ಯ ನಿನಗೆ ಗೊತ್ತಲ್ಲ. ಮೂರು ಡಬಲ್ಸ್ ಸೇರಿ ಒಂದೇ ಪಾಯಿಂಟು, ಆರು ಸಿಂಗಲ್ಸ್‌ಗೆ ಒಂದೊಂದು. ನಾಲ್ಕು ಮುಟ್ಟಿದವರು ಗೆದ್ದರು. ಅಂದರೆ ಒಂದನೇ ಕೋರ್ಟಿನಲ್ಲಿ ಆಡುವ ತಂಡದ ಹೀರೋ ಗೆದ್ದರೂ ಒಂದೇ, ಕೊನೆಯ, ಆರನೇ ಕೋರ್ಟಿನ ಹುಡುಗ ಗೆದ್ದರೂ ಒಂದೇ. ಒಂದನೆಯವನ ಜೊತೆ ಚೆಂಡು ಹೊಡೆಯುತ್ತ ರ‍್ಯಾಲಿ ಆಡುವ ಆಸೆ ನಿನಗೆ ಬಂದೇ ಬರುತ್ತದೆ. ಅವನ ಪಾಡಿಗೆ ಅವನನ್ನು ಬಿಟ್ಟು ಆರನೆಯವನ ಹತ್ತಿರ ಜಾಸ್ತಿ ನಿಲ್ಲು. ಆಟದ ಮಧ್ಯೆ ಮಾತಾಡಲು ಕೋಚ್‌ಗೆ ಅವಕಾಶ ಇದೆಯಂತೆ. ಆಗ ಒಂದೇ ವಿಷಯ ಹೇಳು. ಸೋಲುತ್ತಿರುವ ಹುಡುಗನ ಕಿವಿಗೆ ಹತ್ತು ಮಾತು ಇಳಿಯುತ್ತದಾ?

ಕರಾರು ಎಷ್ಟು ವರ್ಷದ್ದು, ವೀಸಾ ಖರ್ಚು ಯಾರದು ಎಂದು ಬರಹದಲ್ಲೇ ಕೇಳಿಕೋ. ಒಪ್ಪಿದ ಮೇಲೆ ಕದ್ದುಮುಚ್ಚಿ ಟೂರ್ನಿ ಹುಡುಕಬೇಡ, ಹುಡುಗರಿಗೆ ಬೇಗ ಗೊತ್ತಾಗುತ್ತದೆ. ಬೇಡ ಅನ್ನಿಸಿದರೆ ಅದನ್ನೂ ಈ ವಾರವೇ ತಿಳಿಸು. ಪಾಪ, ಅವರು ಇನ್ನೊಬ್ಬರನ್ನು ನೋಡಿಕೊಳ್ಳಲಿ.

ಅಕ್ಕನಿಗೆ ನೀನೇ ಫೋನ್ ಮಾಡು. ನಾನು ಹೇಳಿದರೆ, ತಲೆ ಕೆಡಿಸಿದ್ದು ನೀನೇ ಎಂದು ನನಗೇ ಬೈಯುತ್ತಾಳೆ.

ಇತಿ,
ನಿನ್ನ ಮಾವ